ಮೂವತ್ತೆರಡು ನಿಮಿಷಗಳ ವೃತ್ತಿಜೀವನ: ಯುಎಫ್‌ಸಿ ಫೈಟ್ ಪಾಸ್‌ನಲ್ಲಿ ರೊಂಡಾ ರೌಸಿ

ಚಂದಾ ಕಟ್ಟಿ ನೋಡುವ ವಿಡಿಯೊ ಸೇವೆಯನ್ನು ಅಳೆಯುವವರು ಸಾಮಾನ್ಯವಾಗಿ ಅದರಲ್ಲಿ ಎಷ್ಟು ಸಾವಿರ ಗಂಟೆಗಳ ಸರಕಿದೆ ಎಂಬ ಲೆಕ್ಕದಿಂದ ಆರಂಭಿಸುತ್ತಾರೆ. ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಷಿಪ್ (ಯುಎಫ್‌ಸಿ) ಎಂಬ ಸಂಸ್ಥೆಯ ಫೈಟ್ ಪಾಸ್ ಸೇವೆಯ ಮಟ್ಟಿಗೆ ಆ ಲೆಕ್ಕದಿಂದ ಹೆಚ್ಚೇನೂ ತಿಳಿಯುವುದಿಲ್ಲ; ಗುದ್ದು, ಒದೆತ, ಕುಸ್ತಿ ಎಲ್ಲವೂ ಸೇರಿದ ಮಿಶ್ರ ಸಮರಕಲೆಯ ಇಷ್ಟೊಂದು ಹಳೆಯ ಪಂದ್ಯಗಳನ್ನು ಒಬ್ಬ ವ್ಯಕ್ತಿ ಒಂದು ಜನ್ಮದಲ್ಲಿ ನೋಡಿ ಮುಗಿಸುವುದು ಕಷ್ಟ. ಆದ್ದರಿಂದ ಈ ಸಂಗ್ರಹವನ್ನು ಒಬ್ಬ ಆಟಗಾರ್ತಿಯ ಮೂಲಕ ಪರೀಕ್ಷಿಸುವುದು ಒಳ್ಳೆಯದೆಂದು ನನಗೆ ತೋರಿತು. ಆರಿಸಿಕೊಂಡದ್ದು ಅಮೆರಿಕದ ರೊಂಡಾ ರೌಸಿ ಅವರನ್ನು. 2011ರಿಂದ 2016ರ ನಡುವೆ ಅವರು ಆಡಿದ ವೃತ್ತಿಪರ ಪಂದ್ಯಗಳು 14, ಗೆದ್ದವು 12, ಸೋತವು 2. ಈ ಹದಿನಾಲ್ಕೂ ಪಂದ್ಯಗಳಲ್ಲಿ ಅವರು ಪಂಜರದೊಳಗೆ ಕಾದಾಡಿದ ಒಟ್ಟು ಸಮಯವನ್ನು ಕೂಡಿಸಿದರೆ 32 ನಿಮಿಷ 23 ಸೆಕೆಂಡ್ ಆಗುತ್ತದೆ. ಒಂದು ತಿಂಗಳ ಚಂದಾದಲ್ಲಿ ಒಂದಿಡೀ ವೃತ್ತಿಜೀವನವನ್ನು ಹಲವು ಬಾರಿ, ನಿಲ್ಲಿಸಿ ನಿಲ್ಲಿಸಿ ನೋಡಬಹುದಾದ ಇಂತಹ ಅವಕಾಶ ಬೇರೆ ಕ್ರೀಡೆಗಳಲ್ಲಿ ಅಪರೂಪ.

ಫೈಟ್ ಪಾಸ್ ಆರಂಭವಾದದ್ದು 2013ರ ಡಿಸೆಂಬರ್ ಕೊನೆಯಲ್ಲಿ. ಯುಎಫ್‌ಸಿ ಸಂಸ್ಥೆಯೇ ನಡೆಸುವ ಈ ಸೇವೆಯಲ್ಲಿ ಆ ಸಂಸ್ಥೆಯ ಹಳೆಯ ಕೂಟಗಳ ಜೊತೆಗೆ, ಅದು ಕಾಲಕಾಲಕ್ಕೆ ಕೊಂಡು ತನ್ನೊಳಗೆ ಸೇರಿಸಿಕೊಂಡ ಪ್ರೈಡ್, ಡಬ್ಲ್ಯೂಇಸಿ ಮತ್ತು ಸ್ಟ್ರೈಕ್‌ಫೋರ್ಸ್ ಎಂಬ ಬೇರೆ ಸಂಸ್ಥೆಗಳ ಕೂಟಗಳ ಸಂಗ್ರಹವೂ ಇದೆ. ರೌಸಿ ಅವರ ವಿಷಯದಲ್ಲಿ ಇದು ಮುಖ್ಯವಾದ ಸಂಗತಿ. ಏಕೆಂದರೆ ಅವರು ಹೆಸರು ಮಾಡಿದ್ದು ಮೊದಲು ಸ್ಟ್ರೈಕ್‌ಫೋರ್ಸ್‌ನಲ್ಲಿ. ಮಹಿಳೆಯರು ಯುಎಫ್‌ಸಿಯಲ್ಲಿ ಎಂದೂ ಆಡುವುದಿಲ್ಲವೆಂದು ಆ ಸಂಸ್ಥೆಯ ಅಧ್ಯಕ್ಷ ಡೇನಾ ವೈಟ್ 2011ರಲ್ಲಿ ಸಾರ್ವಜನಿಕವಾಗಿ ಹೇಳಿದ್ದ ಹೊತ್ತಿನಲ್ಲಿ ಸ್ಟ್ರೈಕ್‌ಫೋರ್ಸ್ ಮಹಿಳೆಯರ ಪ್ರಶಸ್ತಿ ಪಂದ್ಯಗಳನ್ನು ನಡೆಸುತ್ತಿತ್ತು. 2009ರ ಆಗಸ್ಟ್‌ನಲ್ಲಿ ಜೀನಾ ಕರಾನೊ ಮತ್ತು ಕ್ರಿಸ್ ಸೈಬೋರ್ಗ್ ಅವರ ಪಂದ್ಯವನ್ನು ಕೂಟದ ಪ್ರಧಾನ ಪಂದ್ಯವಾಗಿಸಿದ್ದೂ ಅದೇ ಸಂಸ್ಥೆ. ರೌಸಿ ಅವರನ್ನು ನೋಡುವ ಮೊದಲು ಆ ಪಂದ್ಯವನ್ನು ನೋಡಿಬಿಡುವುದು ಒಳ್ಳೆಯದು. ಮಹಿಳೆಯರ ಮಿಶ್ರ ಸಮರಕಲೆ ರೌಸಿ ಅವರಿಂದಲೇ ಹುಟ್ಟಿತೆಂದು ಪ್ರಚಾರ ಸಾಮಗ್ರಿಗಳು ಮೂಡಿಸುವ ತಪ್ಪು ಕಲ್ಪನೆ ಅಲ್ಲಿಗೆ ಕಳಚುತ್ತದೆ.

ಆದರೆ ಸಂಗ್ರಹದ ದೊಡ್ಡ ಕೊರತೆ ಇರುವುದು ಇದಕ್ಕೂ ಹಿಂದೆ. ರೌಸಿ ಅವರ ಸ್ಪರ್ಧಾಜೀವನದ ಮೊದಲ ಅರ್ಧ ಜೂಡೊ, ಮತ್ತು ಆ ಅರ್ಧ ಇಲ್ಲಿ ಇಲ್ಲ. ಅದು ಸಹಜವೇ, ಒಲಿಂಪಿಕ್ಸ್ ದೃಶ್ಯಗಳ ಹಕ್ಕು ಬೇರೆಯವರದು. ಆದರೂ ವೀಕ್ಷಕರು ಇದನ್ನು ತಿಳಿದೇ ಚಂದಾ ಕಟ್ಟಬೇಕು. ಅವರ ತಾಯಿ ಆ್ಯನ್‌ಮರಿಯಾ ಡಿ ಮಾರ್ಸ್ 1984ರಲ್ಲಿ ಜೂಡೊ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಮೊದಲ ಅಮೆರಿಕನ್. ಮಗಳು 17ನೆಯ ವಯಸ್ಸಿನಲ್ಲಿ 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋದರು, 2007ರಲ್ಲಿ ರಿಯೊ ಡಿ ಜನೈರೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 70 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ನೆದರ್‌ಲೆಂಡ್ಸ್‌ನ ಎಡಿತ್ ಬಾಷ್ ಎದುರು ಸೋತರೂ ಮರುಅವಕಾಶದ ಸುತ್ತುಗಳಲ್ಲಿ ಮೇಲೆದ್ದು, ಕೊನೆಗೆ ಜರ್ಮನಿಯ ಆ್ಯನೆಟ್ ಬೋಮ್ ಅವರನ್ನು ಮಣಿಸಿ ಕಂಚು ಪಡೆದರು. 1992ರಲ್ಲಿ ಮಹಿಳೆಯರ ಜೂಡೊ ಒಲಿಂಪಿಕ್ಸ್‌ನ ಪೂರ್ಣ ಪ್ರಮಾಣದ ಸ್ಪರ್ಧೆಯಾದ ಮೇಲೆ ಅಮೆರಿಕದ ಮಹಿಳೆಯೊಬ್ಬರಿಗೆ ಜೂಡೊದಲ್ಲಿ ಬಂದ ಮೊದಲ ಪದಕ ಅದು.

ಈ ಹಿನ್ನೆಲೆಯನ್ನು ಬರಿಯ ಜೀವನ ವಿವರವೆಂದು ಬದಿಗಿಟ್ಟರೆ ಮುಂದೆ ಪಂಜರದಲ್ಲಿ ಕಾಣುವ ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ. ಜೂಡೊದಲ್ಲಿ ಇಬ್ಬರೂ ನೆಲಕ್ಕೆ ಬಿದ್ದ ಮೇಲೆ ಹಿಡಿತ ಮುಂದುವರಿಯುತ್ತಿಲ್ಲವೆಂದು ಕಂಡರೆ ತೀರ್ಪುಗಾರರು ಕೆಲವೇ ಸೆಕೆಂಡುಗಳಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆ. ಹಾಗಾಗಿ ನೆಲದ ಮೇಲಿನ ಪಟ್ಟನ್ನು ಬೀಳುವ ಕ್ಷಣದಲ್ಲೇ ಹಾಕಬೇಕೆಂಬುದು ಅಲ್ಲಿನ ಮೊದಲ ಪಾಠ. ರೌಸಿ ಅವರ ಆರ್ಮ್‌ಬಾರ್ ಅಷ್ಟು ವೇಗವಾಗಿ ಬಂದದ್ದು ಈ ಅಭ್ಯಾಸದಿಂದ. ಎದುರಾಳಿಯ ತೋಳನ್ನು ಎರಡು ತೊಡೆಗಳ ನಡುವೆ ಸಿಕ್ಕಿಸಿ, ಮಣಿಕಟ್ಟನ್ನು ಎದೆಗೆ ಅವಚಿಕೊಂಡು, ಸೊಂಟ ಮೇಲೆತ್ತಿ ಮೊಣಕೈ ಕೀಲನ್ನು ಅದು ಬಾಗದ ದಿಕ್ಕಿಗೆ ಒತ್ತುವ ಈ ಪಟ್ಟಿನಿಂದಲೇ ಅವರು ತಮ್ಮ ಹನ್ನೆರಡು ಗೆಲುವುಗಳಲ್ಲಿ ಒಂಬತ್ತನ್ನು ಪಡೆದರು. ಇದೇ ಜೂಡೊದಲ್ಲಿ ಬೆನ್ನು ಪೂರ್ತಿ ನೆಲಕ್ಕೆ ತಾಗುವಂತೆ ಎದುರಾಳಿಯನ್ನು ಎತ್ತಿ ಒಗೆದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಒಗೆದವರ ಬೆನ್ನು ಆಮೇಲೆ ಯಾರ ಕೈಗೆ ಸಿಕ್ಕಿತು ಎಂದು ಕೇಳುವವರಿಲ್ಲ. ಅಲ್ಲಿ ಗುದ್ದು ಇಲ್ಲವಾದ್ದರಿಂದ ಹಿಡಿತಕ್ಕಾಗಿ ನೇರವಾಗಿ ಮುನ್ನುಗ್ಗುವುದಕ್ಕೆ ದಂಡವೂ ಇಲ್ಲ. ಅವರ ಗೆಲುವುಗಳಿಗೆ ಕಾರಣವಾದ ಅಭ್ಯಾಸಗಳು ಎಲ್ಲಿಂದ ಬಂದವೋ ಅವರ ಸೋಲಿಗೆ ದಾರಿಮಾಡಿದ ಅಭ್ಯಾಸಗಳೂ ಅಲ್ಲಿಂದಲೇ ಬಂದವು ಎಂಬುದು ಪಂದ್ಯಗಳನ್ನು ಕಾಲಾನುಕ್ರಮದಲ್ಲಿ ನೋಡಿದವರಿಗೆ ಕಾಣುವ ಸತ್ಯ. ಸಂಗ್ರಹವಾದರೋ ಯುಎಫ್‌ಸಿಯ ಕತೆ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಶುರುವಾಗುತ್ತದೆ. ಆಟಗಾರ್ತಿಯ ಕತೆ ಶುರುವಾಗುವುದು ಬೇರೆಡೆ. ಜೂಡೊ ಪಂದ್ಯಗಳನ್ನು ಒಲಿಂಪಿಕ್ಸ್‌ನ ಮತ್ತು ಅಂತರರಾಷ್ಟ್ರೀಯ ಜೂಡೊ ಒಕ್ಕೂಟದ ವಾಹಿನಿಗಳಲ್ಲಿ ಹುಡುಕಿಕೊಳ್ಳಬೇಕು.

ಸ್ಟ್ರೈಕ್‌ಫೋರ್ಸ್‌ನ ನಾಲ್ಕು ಪಂದ್ಯಗಳಲ್ಲಿ ಮೂರು ಒಂದು ನಿಮಿಷವನ್ನೂ ದಾಟುವುದಿಲ್ಲ. ಸಾರಾ ಡಿ'ಅಲೇಲಿಯೊ ಎದುರು 25 ಸೆಕೆಂಡ್, ಜೂಲಿಯಾ ಬಡ್ ಎದುರು 39, ಸಾರಾ ಕಾಫ್‌ಮನ್ ಎದುರು 54. ಮೊದಲನೆಯದರಲ್ಲಿ ಎದುರಾಳಿ ನಿಜವಾಗಿ ಶರಣಾಗಿದ್ದರೇ ಎಂಬ ವಿವಾದ ಎದ್ದಿತ್ತು. ದೃಶ್ಯವನ್ನು ನಿಧಾನಗತಿಯಲ್ಲಿ ನೋಡಿ ಓದುಗರೇ ತೀರ್ಮಾನಿಸಬಹುದು. ನಾಲ್ಕರಲ್ಲಿ ಸಾವಧಾನವಾಗಿ ನೋಡಬೇಕಾದದ್ದು 2012ರ ಮಾರ್ಚ್ 3ರಂದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಮೀಷಾ ಟೇಟ್ ಎದುರು ನಡೆದ ಪ್ರಶಸ್ತಿ ಪಂದ್ಯ. 4 ನಿಮಿಷ 27 ಸೆಕೆಂಡುಗಳ ಆ ಸುತ್ತಿನಲ್ಲಿ ಟೇಟ್ ಮೊದಲ ಆರ್ಮ್‌ಬಾರ್‌ನಿಂದ ತೋಳು ಬಿಡಿಸಿಕೊಳ್ಳುತ್ತಾರೆ, ಒಂದು ಹಂತದಲ್ಲಿ ರೌಸಿ ಅವರ ಬೆನ್ನನ್ನೂ ಹಿಡಿಯುತ್ತಾರೆ. ಕೊನೆಗೆ ಗೆದ್ದದ್ದು ರೌಸಿ. ಆದರೆ ಬೆನ್ನು ಕೊಡುವ, ಅಂದರೆ ಎದುರಾಳಿ ಹಿಂದಿನಿಂದ ಹಿಡಿಯಲು ಎಡೆಗೊಡುವ ಅವರ ಅಭ್ಯಾಸ ಮೊದಲು ಬಯಲಾದದ್ದು ಇಲ್ಲಿ.

2013ರ ಫೆಬ್ರುವರಿ 23ರಂದು ಕ್ಯಾಲಿಫೋರ್ನಿಯಾದ ಆ್ಯನಹೈಮ್‌ನಲ್ಲಿ ನಡೆದ ಯುಎಫ್‌ಸಿ 157 ಕೂಟವನ್ನು ಬಿಡಿ ಪಂದ್ಯವಾಗಿ ನೋಡದೆ ಇಡಿಯಾಗಿ ನೋಡಬೇಕೆಂಬುದು ನನ್ನ ಸಲಹೆ. ಇದು ಯುಎಫ್‌ಸಿಯ ಮೊದಲ ಮಹಿಳಾ ಪಂದ್ಯ. ಡ್ಯಾನ್ ಹೆಂಡರ್ಸನ್ ಮತ್ತು ಲ್ಯೋಟೊ ಮಚೀದಾ ಅವರಂತಹ ಹಿರಿಯರ ಪಂದ್ಯವನ್ನು ಅದಕ್ಕೆ ಮುಂಚೆ ಇಟ್ಟು, ಮಹಿಳೆಯರ ಪಂದ್ಯವನ್ನು ಕೂಟದ ಕೊನೆಗೆ, ಅಂದರೆ ಪ್ರಧಾನ ಸ್ಥಾನದಲ್ಲಿ ಇಡಲಾಗಿತ್ತು. ಎದುರಾಳಿ ಲಿಜ್ ಕಾರ್ಮೂಶ್ ಅಮೆರಿಕದ ಮರೀನ್ ಪಡೆಯಲ್ಲಿ ಸೇವೆ ಸಲ್ಲಿಸಿದ್ದವರು. ರೌಸಿ ಎಂದಿನಂತೆ ತಲೆಯನ್ನು ತೋಳಿನಲ್ಲಿ ಸುತ್ತಿ ಒಗೆಯಲು ಹೋದಾಗ ಕಾರ್ಮೂಶ್ ಬೆನ್ನೇರಿ ಕುಳಿತರು; ಕಾಲುಗಳನ್ನು ಸೊಂಟದ ಸುತ್ತ ಹೆಣೆದು, ಮುಂಗೈಯನ್ನು ರೌಸಿ ಅವರ ದವಡೆಗೆ ಅಡ್ಡಲಾಗಿಟ್ಟು ಕತ್ತನ್ನು ತಿರುಚಿದರು. ನಿಂತುಕೊಂಡೇ, ಬೆನ್ನ ಮೇಲೆ ಎದುರಾಳಿಯ ಪೂರ್ತಿ ಭಾರ ಹೊತ್ತು, ಕೈಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಆಕೆಯನ್ನು ಕೆಳಗೆ ಕೊಡವಿದ ಆ ಕೆಲವು ಕ್ಷಣಗಳು ಇಡೀ ಸಂಗ್ರಹದಲ್ಲಿ ರೌಸಿ ಅವರ ಧೈರ್ಯವನ್ನು ತೋರುವ ಅತ್ಯುತ್ತಮ ದೃಶ್ಯ. ಮಿಕ್ಕೆಲ್ಲ ಗೆಲುವುಗಳಲ್ಲಿ ಕಾಣುವುದು ಕೌಶಲ. ಸೋಲು ಹತ್ತಿರ ಬಂದಾಗ ಆಕೆ ಏನು ಮಾಡುತ್ತಿದ್ದರೆಂಬುದು ಗೆದ್ದ ಪಂದ್ಯಗಳ ಪೈಕಿ ಇಲ್ಲಿ ಮಾತ್ರ ಇಷ್ಟು ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಸುತ್ತು ಮುಗಿಯಲು 11 ಸೆಕೆಂಡ್ ಉಳಿದಿರುವಾಗ ಆರ್ಮ್‌ಬಾರ್ ಬಿದ್ದು ಕಾರ್ಮೂಶ್ ಶರಣಾದರು.

ಆಮೇಲಿನ ಗೆಲುವುಗಳ ಬಗೆಗೆ ಬಹಳ ಹೇಳಬೇಕಿಲ್ಲ. ಅಲೆಕ್ಸಿಸ್ ಡೇವಿಸ್ ಎದುರು 16 ಸೆಕೆಂಡ್, ಕ್ಯಾಟ್ ಜಿಂಗಾನೊ ಎದುರು 14, ರಿಯೊದಲ್ಲಿ ಬೆತ್ ಕೊರ್ರೇಯಾ ಎದುರು 34. ಬಿಡಿ ಪಂದ್ಯದ ವಿಡಿಯೊ ತೆರೆದೊಡನೆ ಅದರ ಅವಧಿಯೇ ಫಲಿತಾಂಶವನ್ನು ಹೇಳಿಬಿಡುತ್ತದೆ ಎಂಬುದು ಇಂತಹ ಯಾವ ಸಂಗ್ರಹಕ್ಕೂ ತಪ್ಪದ ತೊಡಕು. ಕುತೂಹಲ ಉಳಿಯಬೇಕೆನ್ನುವವರು ಪೂರ್ತಿ ಕೂಟವನ್ನೇ ತೆರೆಯಲಿ. ಈ ಗುಂಪಿನಲ್ಲಿ 2014ರ ಫೆಬ್ರುವರಿಯ ಸಾರಾ ಮೆಕ್‌ಮ್ಯಾನ್ ಪಂದ್ಯ ಮಾತ್ರ ಬೇರೆ ಬಗೆಯದು. ಮೆಕ್‌ಮ್ಯಾನ್ 2004ರ ಅಥೆನ್ಸ್ ಒಲಿಂಪಿಕ್ಸ್‌ನ ಕುಸ್ತಿಯಲ್ಲಿ ಬೆಳ್ಳಿ ಗೆದ್ದವರು. ಕೆಡವುವುದರಲ್ಲಿ ತನಗೆ ಸರಿಸಾಟಿಯಾದವರು ಎದುರಾದಾಗ ರೌಸಿ ಪಟ್ಟಿನ ಹಟ ಹಿಡಿಯದೆ ಪಂಜರದ ಬೇಲಿಯ ಬಳಿ ಮೊಣಕಾಲಿನಿಂದ ಪಕ್ಕೆಗೆ ಹೊಡೆದು 66 ಸೆಕೆಂಡುಗಳಲ್ಲಿ ಪಂದ್ಯ ಮುಗಿಸಿದರು. ಆರ್ಮ್‌ಬಾರ್ ಇಲ್ಲದೆ ಅವರು ಗೆದ್ದ ಮೊದಲ ಪಂದ್ಯ ಇದು. ಹೊಡೆತದಿಂದಲೂ ಗೆಲ್ಲಬಲ್ಲೆನೆಂಬ ನಂಬಿಕೆ ಇಲ್ಲಿಂದ ಬೆಳೆಯಿತೆಂದೂ, ಕೊರ್ರೇಯಾ ಅವರನ್ನು ಗುದ್ದಿನಿಂದಲೇ ಉರುಳಿಸಿದಾಗ ಅದು ಅತಿಯಾಯಿತೆಂದೂ ನನ್ನ ಅನಿಸಿಕೆ.

ಟೇಟ್ ಅವರೊಂದಿಗಿನ ಎರಡನೆಯ ಪಂದ್ಯ ಯುಎಫ್‌ಸಿ 168ರಲ್ಲಿದೆ. ಅದಕ್ಕೆ ಮುಂಚೆ ಇಬ್ಬರೂ ದಿ ಅಲ್ಟಿಮೇಟ್ ಫೈಟರ್ ಎಂಬ ಟಿವಿ ರಿಯಾಲಿಟಿ ಕಾರ್ಯಕ್ರಮದ 18ನೆಯ ಆವೃತ್ತಿಯಲ್ಲಿ ಎದುರಾಳಿ ತರಬೇತುದಾರರಾಗಿದ್ದರು. ಗಂಡಸರೂ ಹೆಂಗಸರೂ ಒಂದೇ ಮನೆಯಲ್ಲಿದ್ದು ಸ್ಪರ್ಧಿಸಿದ ಮೊದಲ ಆವೃತ್ತಿ ಅದು. ಮೂಲತಃ ಟೇಟ್ ಜಾಗದಲ್ಲಿ ಜಿಂಗಾನೊ ಇರಬೇಕಿತ್ತು, ಗಾಯದಿಂದಾಗಿ ಹಿಂದೆ ಸರಿದರು. ಆ ಕಾರ್ಯಕ್ರಮದ ಜಗಳಗಳನ್ನು ಸಾವಧಾನವಾಗಿ ನೋಡುವ ತಾಳ್ಮೆ ನನಗಿಲ್ಲ, ಓದುಗರಿಗೂ ಬೇಕಿಲ್ಲ. ಪಂದ್ಯವನ್ನು ಮಾತ್ರ ನೋಡಲೇಬೇಕು, ಏಕೆಂದರೆ ರೌಸಿ ಅವರನ್ನು ಮೊದಲ ಸುತ್ತಿನ ಆಚೆಗೆ ಎಳೆದ ಮೊದಲ ಎದುರಾಳಿ ಟೇಟ್. ಮೂರನೆಯ ಸುತ್ತಿನ 58ನೆಯ ಸೆಕೆಂಡಿನಲ್ಲಿ ಮತ್ತೆ ಆರ್ಮ್‌ಬಾರ್. ಗೆದ್ದ ಮೇಲೆ ಟೇಟ್ ಚಾಚಿದ ಕೈಯನ್ನು ರೌಸಿ ಹಿಡಿಯದೆ ಹೋದದ್ದಕ್ಕೆ ಸಭಾಂಗಣ ಕೂಗಿ ಹೀಗಳೆದದ್ದೂ ದಾಖಲಾಗಿದೆ. ಇದೇ ಕೂಟದ ಪ್ರಧಾನ ಪಂದ್ಯದಲ್ಲಿ ಆ್ಯಂಡರ್ಸನ್ ಸಿಲ್ವಾ ಅವರ ಕಾಲು ಮುರಿದ ದೃಶ್ಯವಿದೆ. ಅಂಥದ್ದನ್ನು ತಾಳಲಾರದವರು ಇಲ್ಲಿ ಬಿಡಿ ಪಂದ್ಯವನ್ನೇ ಆರಿಸಿಕೊಳ್ಳಬೇಕು.

ಸಂಗ್ರಹದ ಬೆಲೆ ನಿಜವಾಗಿ ತಿಳಿಯುವುದು ಯುಎಫ್‌ಸಿ 193ರಲ್ಲಿ. 2015ರ ನವೆಂಬರ್ 15ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಎತಿಹಾದ್ ಕ್ರೀಡಾಂಗಣದಲ್ಲಿ 56,214 ಪ್ರೇಕ್ಷಕರ ಮುಂದೆ ಈ ಪಂದ್ಯ ನಡೆಯಿತು. ಅಲ್ಲಿಯವರೆಗಿನ ಯುಎಫ್‌ಸಿ ಕೂಟಗಳಲ್ಲಿ ಅದೇ ಅತಿ ದೊಡ್ಡ ಪ್ರೇಕ್ಷಕರ ಸಂಖ್ಯೆ. ಕೂಟದ ಕೊನೆಯ ಎರಡೂ ಪಂದ್ಯಗಳು ಮಹಿಳೆಯರ ಪ್ರಶಸ್ತಿ ಪಂದ್ಯಗಳೇ ಆಗಿದ್ದವು. ಎದುರಾಳಿ ಹಾಲಿ ಹೋಮ್ ವೃತ್ತಿಪರ ಬಾಕ್ಸಿಂಗ್‌ನಲ್ಲಿ ವಿಶ್ವ ಪ್ರಶಸ್ತಿಗಳನ್ನು ಗೆದ್ದಿದ್ದ ಎಡಗೈ ಆಟಗಾರ್ತಿ. ಈ ಪಂದ್ಯದ ಕೊನೆಯ ಒದೆತವನ್ನು ಅಂತರ್ಜಾಲದ ಎಲ್ಲೆಡೆ ನೋಡಿರುವವರೂ ಅದಕ್ಕೆ ಹಿಂದಿನ ಐದು ನಿಮಿಷಗಳನ್ನು ನೋಡಿರುವುದು ಕಡಿಮೆ. ಪಾಠವಿರುವುದು ಆ ಐದು ನಿಮಿಷಗಳಲ್ಲಿ. ರೌಸಿ ನೇರ ರೇಖೆಯಲ್ಲಿ ಮುನ್ನುಗ್ಗುತ್ತಾರೆ; ಹೋಮ್ ಆ ರೇಖೆಯಿಂದ ಪಕ್ಕಕ್ಕೆ ಸರಿದು ಎಡಗೈ ನೇರ ಗುದ್ದನ್ನು ಇಡುತ್ತಾರೆ, ಮತ್ತೆ ಸರಿಯುತ್ತಾರೆ. ಹತ್ತಿರ ಸಿಕ್ಕಿದಾಗಲೂ ರೌಸಿ ಅವರಿಗೆ ಬೇಕಾದ ತಲೆಯ ಹಿಡಿತ ಕೂಡಿಬರುವುದಿಲ್ಲ. ನೆಲದಲ್ಲಿ ಆರ್ಮ್‌ಬಾರ್‌ಗೆ ಕೈಹಾಕಿದಾಗ ಹೋಮ್ ತೋಳನ್ನು ಜಾರಿಸಿಕೊಂಡು ಏಳುತ್ತಾರೆ. ಸುತ್ತಿನ ಕೊನೆಯ ಹೊತ್ತಿಗೆ ರೌಸಿ ಅವರ ಬಾಯಿ ತೆರೆದಿರುತ್ತದೆ, ಮುಖ ರಕ್ತವಾಗಿರುತ್ತದೆ. ಎರಡನೆಯ ಸುತ್ತಿನಲ್ಲಿ ಗುದ್ದು ಗುರಿತಪ್ಪಿ ತಾವೇ ಮುಗ್ಗರಿಸಿ, ಎದ್ದು ತಿರುಗುವ ಹೊತ್ತಿಗೆ ಹೋಮ್ ಅವರ ಎಡಗಾಲು ಕತ್ತಿಗೆ ಬಡಿದಾಗ ಗಡಿಯಾರ 59 ಸೆಕೆಂಡ್ ತೋರಿಸುತ್ತಿತ್ತು. ಜೂಡೊ ಚಾಪೆಯ ಮೇಲೆ ಯಾವ ದಂಡವೂ ಇಲ್ಲದ ಆ ನೇರ ನಡಿಗೆಗೆ ದೂರವನ್ನು ಕಾಯಬಲ್ಲ ಬಾಕ್ಸರ್ ಒಬ್ಬರು ಹೆಜ್ಜೆ ಹೆಜ್ಜೆಗೂ ಬೆಲೆ ಕಟ್ಟಿಸಿಕೊಂಡರು. ಇದನ್ನು ಅನಿರೀಕ್ಷಿತ ಆಘಾತವೆಂದು ಆಗ ಬರೆದವರು ಟೇಟ್ ಮತ್ತು ಕಾರ್ಮೂಶ್ ಪಂದ್ಯಗಳನ್ನು ಮತ್ತೊಮ್ಮೆ ನೋಡಿದ್ದರೆ ಅಷ್ಟು ಆಶ್ಚರ್ಯಪಡುತ್ತಿರಲಿಲ್ಲ.

ಹದಿಮೂರು ತಿಂಗಳ ಬಳಿಕ, 2016ರ ಡಿಸೆಂಬರ್ 30ರಂದು, ಲಾಸ್ ವೇಗಸ್‌ನಲ್ಲಿ ಅಮಾಂಡಾ ನೂನ್ಸ್ 48 ಸೆಕೆಂಡುಗಳಲ್ಲಿ ರೌಸಿ ಅವರನ್ನು ಸೋಲಿಸಿದರು. ತಲೆಯ ಚಲನೆ ಇಲ್ಲ, ಹಿಡಿತಕ್ಕೆ ಹೋಗುವ ಪ್ರಯತ್ನವೂ ಇಲ್ಲ. ಇದರಲ್ಲಿ ಕಲಿಯುವುದೇನೂ ಇಲ್ಲ. ಒಮ್ಮೆ ನೋಡಿದರೆ ಸಾಕು.

ವೀಕ್ಷಕ ವಿವರಣೆಯ ಬಗೆಗೆ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಕೇಳಿಬರುವುದು ಇಂಗ್ಲಿಷ್ ವಿವರಣೆ. ನೆಲದ ಮೇಲಿನ ಪಟ್ಟುಗಳನ್ನು ಬಿಡಿಸಿ ಹೇಳುವಲ್ಲಿ ಜೋ ರೋಗನ್ ಅವರಂತಹವರು ನಿಪುಣರು, ಅನನುಭವಿಗೆ ಅದರಿಂದ ನಿಜಕ್ಕೂ ಸಹಾಯವಾಗುತ್ತದೆ. ಆದರೆ ಕೂಟವನ್ನು ಮಾರುವವರೂ ವಿವರಿಸುವವರೂ ಒಂದೇ ಸಂಸ್ಥೆಯವರಾಗಿರುವುದರಿಂದ 2014–15ರ ಹೊತ್ತಿಗೆ ಹೊಗಳಿಕೆ ವಿಶ್ಲೇಷಣೆಯನ್ನು ನುಂಗಿಹಾಕಿದೆ. ಎರಡನೆಯ ಬಾರಿ ನೋಡುವಾಗ ಧ್ವನಿಯನ್ನು ಪೂರ್ತಿ ಅಡಗಿಸಿ, ಪಾದಗಳನ್ನು ಮಾತ್ರ ಗಮನಿಸಿ ನೋಡಿದರೆ ವಿವರಣೆಕಾರರು ಹೇಳದ ಹಲವು ಸಂಗತಿಗಳು ಕಾಣುತ್ತವೆ. 2018ರಲ್ಲಿ ಯುಎಫ್‌ಸಿಯ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಮಹಿಳೆ ಎಂಬ ಗೌರವ ರೌಸಿ ಅವರಿಗೆ ಸಂದಿತು. ಅದಕ್ಕೆ ಅವರು ಅರ್ಹರೇ, ಆದರೆ ಆ ಅರ್ಹತೆಗೆ ಉತ್ಪ್ರೇಕ್ಷೆಯ ಒತ್ತಾಸೆ ಬೇಕಿರಲಿಲ್ಲ.

ರೌಸಿ ಅವರ ಪಂದ್ಯಗಳು ಮುಗಿದ ಮೇಲೆ ಚಂದಾದ ಅವಧಿ ಉಳಿದಿದ್ದರೆ 2024ರ ಏಪ್ರಿಲ್ 13ರ ಯುಎಫ್‌ಸಿ 300 ಕೂಟಕ್ಕೆ ಹೋಗಬೇಕು. ಅಲ್ಲಿ ಹಾಲಿ ಹೋಮ್ ಎದುರು ನಿಂತವರು ಕೇಲಾ ಹ್ಯಾರಿಸನ್. 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ 78 ಕೆ.ಜಿ. ವಿಭಾಗದ ಜೂಡೊ ಚಿನ್ನ ಗೆದ್ದವರು, ರೌಸಿ ಅವರಿಗೂ ಪಾಠ ಹೇಳಿದ್ದ ಜಿಮ್ಮಿ ಪೆಡ್ರೊ ಅವರ ಶಿಷ್ಯೆ. ಒಂದೇ ಗುರುವಿನ ಕೈಯಲ್ಲಿ ಪಳಗಿದ ಇಬ್ಬರು ಒಬ್ಬಳೇ ಎದುರಾಳಿಯನ್ನು ಹೇಗೆ ಎದುರಿಸಿದರೆಂದು ಹೋಲಿಸಿ ನೋಡುವ ಅವಕಾಶ ಇದು. ಹ್ಯಾರಿಸನ್ ಗುದ್ದಾಟಕ್ಕೆ ಇಳಿಯುವುದಿಲ್ಲ. ಹೋಮ್ ಅವರನ್ನು ಬೇಲಿಗೆ ಒತ್ತಿ ಓಡಾಟದ ಜಾಗವನ್ನೇ ಕಿತ್ತುಕೊಂಡು, ಕೆಡವಿ, ಮೇಲಿನ ಸ್ಥಾನವನ್ನು ಬಿಡದೆ ಭಾರ ಹೇರಿ, ಎರಡನೆಯ ಸುತ್ತಿನಲ್ಲಿ ಹಿಂದಿನಿಂದ ಕತ್ತು ಹಿಡಿದು ಶರಣಾಗಿಸುತ್ತಾರೆ. ಬೀಳಿಸಿದ ಕ್ಷಣದಲ್ಲೇ ಪಂದ್ಯ ಮುಗಿಸುವ ಆತುರವನ್ನು ಬಿಟ್ಟ ಜೂಡೊ ಇದು. 2025ರ ಜೂನ್‌ನಲ್ಲಿ ಜೂಲಿಯಾನಾ ಪೇನ್ಯಾ ಅವರನ್ನು ಸೋಲಿಸಿ ಹ್ಯಾರಿಸನ್ ಪಡೆದ ಬ್ಯಾಂಟಮ್‌ವೇಟ್ ತೂಕ ವಿಭಾಗದ ಪ್ರಶಸ್ತಿ, ಹಿಂದೆ ರೌಸಿ ಅವರ ಸೊಂಟದಲ್ಲಿದ್ದ ಪಟ್ಟಿಯೇ. ಭಾರತದ ವೀಕ್ಷಕರಿಗೆ ಇನ್ನೂ ಒಂದು ಪಂದ್ಯವಿದೆ: 2024ರ ಜೂನ್‌ನಲ್ಲಿ ಲೂಯಿವಿಲ್‌ನಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯರಾದ ಪಂದ್ಯ. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ, ವುಶು ಎಂಬ ಚೀನೀ ಸಮರಕಲೆಯ ಈ ಆಟಗಾರ್ತಿಯ ಒದೆತಗಳಲ್ಲಿ ರೌಸಿ ಅವರ ನೆರಳು ಏನೇನೂ ಇಲ್ಲ.

ಹಾಗಾದರೆ ಯಾರು ಚಂದಾ ಕಟ್ಟಬೇಕು? ಬರಿಯ ರೋಚಕ ತುಣುಕುಗಳು ಸಾಕೆನ್ನುವವರಿಗೆ ಇದು ವ್ಯರ್ಥ. ಯುಎಫ್‌ಸಿಯ ಯೂಟ್ಯೂಬ್ ವಾಹಿನಿಯಲ್ಲೇ ಅವು ಧಾರಾಳವಾಗಿ ಸಿಗುತ್ತವೆ. ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ಹುಡುಗಿಯರಿಗೆ ಜೂಡೊ ಅಥವಾ ಕುಸ್ತಿ ಕಲಿಸುವವರಿಗೆ ಒಂದು ತಿಂಗಳ ಚಂದಾ ಖಂಡಿತ ಸಾರ್ಥಕ. ವರ್ಷದ ಚಂದಾವನ್ನು ಒಬ್ಬ ಆಟಗಾರ್ತಿಗಾಗಿ ಕಟ್ಟುವುದು ಬೇಕಿಲ್ಲ. ಮಕ್ಕಳಿಗೆ ತೋರಿಸುವುದಾದರೆ ಶಿಕ್ಷಕರು ಮೊದಲು ತಾವು ನೋಡಿ, ಬಡ್ ಅವರ ಮೊಣಕೈ ಕೀಲು ತಪ್ಪುವ ದೃಶ್ಯವನ್ನೂ ಹೋಮ್ ಪಂದ್ಯದಲ್ಲಿ ರೌಸಿ ಬಿದ್ದ ಮೇಲಿನ ಗುದ್ದುಗಳನ್ನೂ ಬಿಟ್ಟು ತೋರಿಸಲಿ. ಕಾರ್ಮೂಶ್ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ, ಬೆನ್ನು ಕೊಟ್ಟ ಕ್ಷಣದಲ್ಲಿ ನಿಲ್ಲಿಸಿ, ಪಾದ ಎಲ್ಲಿತ್ತು, ಸೊಂಟ ಎಲ್ಲಿತ್ತು ಎಂದು ಕೇಳುತ್ತಾ ತೋರಿಸಲಿ.